ಹಸಿದ ಜೋಳದ ಬೇರು ಯಾರನ್ನು ಕರೆಯುತ್ತದೆ?

ಹಿಂಗಾರಿನಲ್ಲಿ ಹಾಲು ಹಾಕುವ ಅಕ್ಕ ಒಬ್ಬರು ಫೋನ್ ಮಾಡಿದ್ದರು: “ಡಾಕ್ಟರ್ರ, ನೆಲದಾಗ ಹಸಿ ಐತಿ, ಆದ್ರೂ ಜೋಳ ಬಾಡಾಕತ್ತೈತಿ. ಕೊಯ್ದು ಆಕಳಿಗೆ ಹಾಕ್ಲೇನ್ರಿ?” ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷದ ಭಯವಿರುತ್ತದೆ, ಸದ್ಯ ಬೇಡ ಎಂದೆ. ಹೊಲಕ್ಕೆ ಹೋಗಿ ನೋಡಿದರೆ ಜೋಳದ ಬುಡದಲ್ಲಿ ಬಿಳಿ ಹೂವಿನ ಗೇಣುದ್ದದ ಕಳೆ. ಅದೇ ಸ್ಟ್ರೈಗಾ.

ಇದರ ಬೀಜ ಧೂಳಿನಷ್ಟು ಸಣ್ಣದು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಹತ್ತು ವರ್ಷವಾದರೂ ಮಣ್ಣಿನಲ್ಲಿ ಮಲಗಿರಬಲ್ಲವು. ಬರಿ ಮಳೆಗೆ ಏಳುವುದಿಲ್ಲ. ಎಬ್ಬಿಸುವುದು ಜೋಳದ ಬೇರೇ!

ಬೇರು ನೀರು ಹೀರುವುದಷ್ಟೇ ಅಲ್ಲ, ಸಕ್ಕರೆ, ಆಮ್ಲ ಮುಂತಾದವನ್ನು ಮಣ್ಣಿಗೆ ಸೂಸುತ್ತಲೂ ಇರುತ್ತದೆ. ಹಾಗೆ ಸೂಸುವ ಒಂದು ಬಗೆಯ ರಾಸಾಯನಿಕ ಸ್ಟ್ರಿಗೋಲ್ಯಾಕ್ಟೋನ್. ಮಣ್ಣಿನಲ್ಲಿ ರಂಜಕ ಅಥವಾ ಸಾರಜನಕ ಕಡಿಮೆಯಾದರೆ ಜೋಳದ ಬೇರು ಇದನ್ನು ಹೆಚ್ಚು ಬಿಡುತ್ತದೆ. ಅದು ಮೈಕೊರೈಜಾ ಎಂಬ ಉಪಕಾರಿ ಶಿಲೀಂಧ್ರಕ್ಕೆ ಕೊಡುವ ಕರೆ ಎಂದು ವಿಜ್ಞಾನಿಗಳು ತೋರಿಸಿದ್ದು 2005ರಲ್ಲಿ. ಶಿಲೀಂಧ್ರ ದೂರದ ರಂಜಕ ತಂದುಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ನಾವು ಸಂಘಕ್ಕೆ ಹಾಲು ಹಾಕಿ ಹಿಂಡಿ ತರುತ್ತೇವಲ್ಲ, ಹಾಗೆ. ಈ ಕರೆಯನ್ನು ಸ್ಟ್ರೈಗಾ ಬೀಜ ಕದ್ದು ಕೇಳಿಸಿಕೊಳ್ಳುತ್ತದೆ. ಮೊಳೆತು, ಬೇರಿಗೆ ಅಂಟಿ, ನೀರು ಮತ್ತು ಆಹಾರ ಎರಡನ್ನೂ ಎಳೆದುಕೊಳ್ಳುತ್ತದೆ. ಕಳೆ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ನೆಲದೊಳಗೆ ಬಹಳಷ್ಟು ಹಾನಿ ಆಗಿರುತ್ತದೆ.

ಹಾಗಾಗಿ ಸೊರಗಿದ ಹೊಲದಲ್ಲೇ ಈ ಕಾಟ ಜಾಸ್ತಿ. ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣಿನ ಹಸಿವು ತಣಿಸಿದರೆ ಬೇರಿನ ಕೂಗೂ ತಗ್ಗುತ್ತದೆ. ಆದರೆ ಪಶುವೈದ್ಯನಾಗಿ ನನ್ನ ಚಿಂತೆ ಆ ಗೊಬ್ಬರದ್ದೇ. ಮೇವಿನ ಜೊತೆ ಬೀಜ ಕಟ್ಟಿದ ಸ್ಟ್ರೈಗಾವನ್ನು ದನ ತಿಂದರೆ, ಬೀಜ ಸಾಯದೆ ಸಗಣಿಯಲ್ಲಿ ಹೊರಬರಬಹುದು. ಹಸಿ ಸಗಣಿ ಹೊಲಕ್ಕೆ ಸುರಿದರೆ ನಾವೇ ಕಳೆ ಬಿತ್ತಿದಂತೆ. ತಿಪ್ಪೆಗೆ ಕಾವು ಬರಲಿ, ಮಗುಚಿ ಹಾಕಿ, ಪೂರ್ತಿ ಕಳಿತ ಗೊಬ್ಬರವನ್ನೇ ಹೊರಿ. ಕಳೆಯನ್ನು ಹೂ ಬಿಡುವ ಮೊದಲೇ ಕೀಳಿ. ಹೂ ಬಿಟ್ಟಿದ್ದರೆ ಸುಟ್ಟುಬಿಡಿ, ದಯವಿಟ್ಟು ತಿಪ್ಪೆಗೆ ಎಸೆಯಬೇಡಿ.

ಇನ್ನೊಂದು ದಾರಿ ಬೆಳೆ ಬದಲಿಸುವುದು. 1966ರಲ್ಲಿ ಸ್ಟ್ರೈಗಾ ಎಬ್ಬಿಸುವ ರಾಸಾಯನಿಕವನ್ನು ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ, ಆದರೆ ಹತ್ತಿಯ ಮೇಲೆ ಈ ಕಳೆ ಬದುಕದು! ಅಲಸಂದೆಯೂ ಹಾಗೆಯೇ, ಅದರ ಕರೆಗೆ ಮೊಳೆತ ಬೀಜ ಅಂಟಲು ಬೇರು ಸಿಗದೆ ಸಾಯುತ್ತದೆ. ಆ ಅಕ್ಕ ಈ ಸಲ ಜೋಳ ಬಿಟ್ಟು ಅಲಸಂದೆ ಬಿತ್ತಿದ್ದಾರೆ, ಹಸಿಮೇವು ಆಕಳಿಗೆ. ಒಂದೇ ವರ್ಷಕ್ಕೆ ಮುಗಿಯುವ ಕೆಲಸವಲ್ಲ ಎಂದು ಅವರಿಗೂ ಹೇಳಿದ್ದೇನೆ.