ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಅಳವಡಿಕೆ: ಸದಸ್ಯರು ಅರಿತಿರಬೇಕಾದ ಅಂಶಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಗಣಕಯಂತ್ರಗಳಿಗೆ ಡೆಬಿಯನ್, ಉಬುಂಟು ಮುಂತಾದ ಮುಕ್ತ ವ್ಯವಸ್ಥೆಗಳು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. ಬಿಜ್ಜರಗಿಯಂತಹ ಗ್ರಾಮ ಪಂಚಾಯತಿಯ ಸಭೆಗೆ ಇಂಥ ಪ್ರಸ್ತಾವ ಬಂದಾಗ, ಅಳವಡಿಸುವ ಕ್ರಮ ಯಾವುದೆಂದು ಸದಸ್ಯರು ಕೇಳಬೇಕು.

ಆರ್ಚ್ ಲಿನಕ್ಸ್ ಅನ್ನು ಕೈಯಿಂದ ಅಳವಡಿಸುವವರು ಡಿಸ್ಕನ್ನು ವಿಭಾಗಿಸುವುದರಿಂದ ಹಿಡಿದು ಬೂಟ್‌ಲೋಡರ್ ಕೂಡಿಸುವವರೆಗೆ ಪ್ರತಿ ಹಂತದಲ್ಲೂ ಆದೇಶಗಳನ್ನು ತಾವೇ ಬರೆಯುತ್ತಾರೆ. ಕಲಿಕೆಗೆ ಇದು ಉತ್ತಮ ದಾರಿ, ಕಚೇರಿಗೆ ಅಲ್ಲ. ಅಳವಡಿಸಿದವರು ಊರು ಬಿಟ್ಟ ಮೇಲೆ ಏನು ಮಾಡಿದ್ದರೆಂದು ತಿಳಿಯುವುದೇ ಕಷ್ಟ. ಅಲ್ಲಿಯೂ 2021ರಿಂದ ‘ಆರ್ಚ್‌ಇನ್‌ಸ್ಟಾಲ್’ ಎಂಬ ಮಾರ್ಗದರ್ಶಿ ಸೇರಿರುವುದು ಗಮನಾರ್ಹ.

ಡೆಬಿಯನ್ ವ್ಯವಸ್ಥೆಯ ಚಿತ್ರಾತ್ಮಕ ಮಾರ್ಗದರ್ಶಿಯು ಕನ್ನಡದಲ್ಲಿಯೇ ಪ್ರಶ್ನೆ ಕೇಳುತ್ತದೆ. ಸುಲಭವೆಂಬುದೇ ಇದರ ಅಪಾಯ. ‘ಇಡೀ ಡಿಸ್ಕನ್ನು ಬಳಸು’ ಎಂಬ ಆಯ್ಕೆಗೆ ಒಪ್ಪಿದರೆ ಹಳೆಯ ಕಡತಗಳೆಲ್ಲ ಅಳಿಯುತ್ತವೆ. ಇ-ಸ್ವತ್ತು, ಪಂಚತಂತ್ರದ ದತ್ತಾಂಶ ಸರ್ವರ್‌ನಲ್ಲಿರುತ್ತದೆ. ಆದರೆ ಯಂತ್ರದಲ್ಲೇ ಉಳಿಸಿದ ಸಭಾ ನಡಾವಳಿ, ಕಾಮಗಾರಿಯ ಛಾಯಾಚಿತ್ರಗಳು ಮತ್ತೆ ಸಿಗುವ ಭರವಸೆಯಿಲ್ಲ. ಆದ್ದರಿಂದ ಮೊದಲು ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ತೆರೆದು ನೋಡಬೇಕು. ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಓದಲು ಬಾರವು.

ಉಬುಂಟುವನ್ನು ಡಿಸ್ಕಿಗೆ ಅಳವಡಿಸದೆ ಪೆನ್‌ಡ್ರೈವ್‌ನಿಂದಲೇ ನಡೆಸಿ, ಮುದ್ರಣಯಂತ್ರವನ್ನೂ ಡಿಜಿಟಲ್ ಸಹಿಯ ಟೋಕನ್ನನ್ನೂ ಪರೀಕ್ಷಿಸಬಹುದು. ಟೋಕನ್ ಕೆಲಸ ಮಾಡದಿದ್ದರೆ ಬಿಲ್ಲುಗಳ ಪಾವತಿ ನಿಲ್ಲುತ್ತದೆ. ಸಹಿಗೆ ಬಳಸುವ ಆ ಯಂತ್ರವನ್ನು ಬದಲಿಸಲು ಸಭೆಯು ಅನುಮೋದನೆ ನೀಡಬಾರದು.