ಹೊಲದ ಊಟಕ್ಕೆ ಟಿಕೆಟ್ ಇಲ್ಲ, ರೈಲಿಗೆ ಅದ

ತಮ್ಮಾ,

ನೀ ಕಳಿಸಿದ ರೆಸಾರ್ಟಿನ ಜಾಹೀರಾತು ನೋಡಿದೆ. ಎತ್ತಿನ ಬಂಡಿ ಸವಾರಿ, ಬಾಳೆ ಎಲೆ ಊಟ, ರಾತ್ರಿ ಡೊಳ್ಳು. ನಿನ್ನ ಗೆಳೆಯ ಹವಾಯಿಗೆ ಹೋಗಿ ಲುವಾವ್ ಊಟ ಉಂಡು ಬಂದ ಸುದ್ದಿಯನ್ನೂ ಬರೆದಿದ್ದೀ. ನೆಲದಲ್ಲಿ ಕುಣಿ ತೋಡಿ, ಕಾದ ಕಲ್ಲಿನ ಮೇಲೆ ಹಂದಿ ಬೇಯಿಸಿ, ಕೆಸುವಿನ ಗಡ್ಡೆ ಅರೆದ ಪೋಯಿ ಜೊತೆ ಬಡಿಸುತ್ತಾರಂತ. ಮುಂದೆ ಹುಲಾ ಕುಣಿತ. ಅದೂ ಮೂಲದಲ್ಲಿ ಮನೆಮಂದಿ, ನೆಂಟರು ಕೂಡಿ ಉಣ್ಣುವ ಊಟವೇ. ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಅಲ್ಲಿಯ ಮನೆಗಳಲ್ಲಿ ಈಗಲೂ ಮಾಡುತ್ತಾರೆ. ಪ್ರವಾಸಿಗೆ ಸಿಗುವುದು ಹೋಟೆಲಿನದು, ವೇದಿಕೆ ಹತ್ತಿರದ ಕುರ್ಚಿಗೆ ಹೆಚ್ಚಿನ ದರ. ನಿನ್ನ ಗೆಳೆಯನಿಗೆ ಅಲ್ಲಿ ಬಂಧು ಬಳಗ ಇಲ್ಲ, ರೊಕ್ಕ ಕೊಟ್ಟ, ಉಂಡ. ಅದು ಸರಿಯೇ. ನಿನಗೆ ಮೂರು ತಾಲೂಕಿನಲ್ಲಿ ಬಳಗ ಅದ. ಬೆಂಗಳೂರಿನ ಹೊರಗೆ ಯಾರದೋ ತೋಟದಲ್ಲಿ ಹಳ್ಳಿಯನ್ನು ಕೊಳ್ಳುವ ದರ್ದೇನು?

ಎಳ್ಳಮಾಸಿಗೆ, ಹೊಲದಲ್ಲೇ ಕೂಡಿ ಉಣ್ಣುವ ನಮ್ಮ ಅಮಾಸಿ ಹಬ್ಬಕ್ಕೆ ಬಾ. ದಿನ ಮಾತ್ರ ಮೊದಲೇ ನೋಡಿಕೋ, ಅದು ಇಂಗ್ಲಿಷ್ ತಾರೀಖಿನ ಮಾತು ಕೇಳುವುದಿಲ್ಲ. 2024ರಲ್ಲಿ ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ ಎರಡು ಸಲ ಬಂತು. 2025ರದು ಡಿಸೆಂಬರ್ 19. 2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದದ್ದಕ್ಕೆ ಮುಂದಿನ ಎಳ್ಳಮಾಸಿ 2027ರ ಜನವರಿಗೆ ಜಿಗಿಯುತ್ತದೆ. ಸಾಲಿ ರಜೆಗೆ ಹೊಂದದಿದ್ದರೆ ಎರಡು ದಿನ ಮಕ್ಕಳನ್ನು ಬಿಡಿಸು. ಮಾಸ್ತರರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ.

ಈಗ ಯಾರ ಹೊಲ ಅನ್ನುವ ಮಾತು. ಆಳಂದಕ್ಕೆ ನಿನ್ನ ಅತ್ತಿ ಕರೆಯುತ್ತಾಳೆ, ಅಫಜಲಪುರಕ್ಕೆ ಬೀಗರು, ಜೇವರ್ಗಿಯಲ್ಲಿ ನಮ್ಮದೇ ಅದ. ಬೀಗರದು ಭೀಮಾ ದಂಡಿಯ ಕಬ್ಬಿನ ಹೊಲ. ಆಳೆತ್ತರ ಬೆಳೆದ ಕಬ್ಬಿನೊಳಗ ಮಕ್ಕಳಿಗೆ ಕಾಣುವುದೇನು? ಮೇಲಾಗಿ ಅದು ಕಬ್ಬು ಕಡಿಯುವ ಕಾಲ. ಸಂಜೆಯಾದರೆ ರಸ್ತೆ ತುಂಬ ಹಿಂದಿನ ದೀಪ ಇಲ್ಲದ ಟ್ರೇಲರ್. ಆ ಕಡೆ ಹೋದರೆ ಕತ್ತಲಾಗುವ ಮೊದಲೇ ಮನೆ ಸೇರು. ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನ ಮಾಡಬೇಕೆಂದು ನಿನ್ನ ಹೆಂಡತಿಗೆ ಆಸೆ ಇದ್ದರೆ ಅಮಾಸಿ ದಿನ ಬೇಡ, ಸಂಗಮದಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಎರಡು ದಿನ ಬಿಟ್ಟು, ಮಧ್ಯಾಹ್ನದ ಮಾಧುಕರಿ ಭಿಕ್ಷೆಯ ಹೊತ್ತಿಗೆ ಹೋಗಿರಿ.

ನನ್ನ ಕೇಳಿದರೆ ಈ ಸಲ ಆಳಂದ. ನಮ್ಮ ಹೊಲ ಬಿಟ್ಟು ಹೇಳುತ್ತಿದ್ದೇನೆ ಅಂದರೆ ಕಾರಣ ಅದ. ನಿನ್ನ ಅತ್ತಿಯ ಮನೆಯಲ್ಲಿ ಈಗ ಕೈಗಳು ಕಡಿಮೆ, ಹುಡುಗರೆಲ್ಲ ಪುಣೆ, ಹೈದರಾಬಾದ್ ಸೇರಿದ್ದಾರೆ. ನೀವು ಹೋದರೆ ಅತಿಥಿ ಆಗುವುದಿಲ್ಲ, ಆಳಾಗುತ್ತೀರಿ. ಮಕ್ಕಳಿಗೆ ಬೇಕಾದದ್ದು ಅದೇ. ಹಿಂದಿನ ದಿನವೇ ಮುಟ್ಟಿರಬೇಕು, ಯಾಕಂದರೆ ಹಬ್ಬ ಅಡಿಗಿ ಮನೆಯಲ್ಲೇ ಸುರುವಾಗುತ್ತದೆ. ಭಜ್ಜಿಗೆ ಮೆಂತ್ಯ, ಪಾಲಕ, ಬದನೆಕಾಯಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಹೆಚ್ಚಬೇಕು. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ ಸುಲಿದು ಗುಡ್ಡೆ ಹಾಕಬೇಕು. ನಸುಕಿನಲ್ಲಿ ಎಲ್ಲ ಒಂದೇ ಭಗೋಣಿಗೆ ಬಿದ್ದು, ಹುಣಸೆ ಹುಳಿ, ಕಡಲೆಹಿಟ್ಟು ಕೂಡಿ ಕೊತಕೊತ ಕುದಿಯುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಾಲ್ಕು ದಿನ ಮೊದಲೇ ಬಡಿದು ಒಣಗಿಸಿರುತ್ತಾರೆ. ಕಡುಬು, ಶೇಂಗಾ ಹೋಳಿಗಿ, ಅಂಬಲಿ ಆ ಹೊತ್ತಿನವು. ಸುಲಿಯುವ ಕೆಲಸಕ್ಕೆ ನೀನೂ ಕೂಡು. ಬರೇ ನಿನ್ನ ಹೆಂಡತಿಯನ್ನು ಒಳಗ ಕಳಿಸಿ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕುಂತರೆ ನಿನ್ನ ಅತ್ತಿ ಬಿಡುವಾಕಿಯಲ್ಲ.

ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಸುಣ್ಣ ಹಚ್ಚಿದ ಐದು ಕಲ್ಲು ಇರುತ್ತವೆ, ಅವೇ ಪಾಂಡವರು. ಪೂಜಿ ಆದಮೇಲೆ ಒಬ್ಬ ಬುಟ್ಟಿ ಹಿಡಿದು ಬೆಳೆ ಸುತ್ತ ಭೂಮಿತಾಯಿಯ ಪಾಲಿನ ಚರಗ ಚೆಲ್ಲುತ್ತಾ ಕೂಗುತ್ತಾನೆ, ಹಿಂದಿನವ ನೀರು ಚಿಮುಕಿಸುತ್ತಾ ಓಗೊಡುತ್ತಾನೆ. ಆ ನೀರಿನ ಚೆಂಬು ನಿನ್ನ ಮಗನ ಕೈಗೆ ಕೊಡಿಸು. ಭೂಮಿತಾಯಿ ಉಂಡ ಮೇಲೆ ಉಳಿದವರ ಸರದಿ, ದಾರಿಹೋಕನೂ ಬಂದು ಕೂಡುತ್ತಾನೆ.

ರೊಕ್ಕದ ಕವರ್ ಮಾತ್ರ ತರಬೇಡ, ನಿನ್ನ ಅತ್ತಿಗೆ ಸಿಟ್ಟು ಬರುತ್ತದೆ. ನಮ್ಮ ಕಡೆ ತೆಂಗು ಕಡಿಮೆ, ತಿಪಟೂರಿನ ಕೊಬ್ಬರಿ ತಾ. ಹೊಲ ನೋಡುವ ಆಳಿನ ಮಕ್ಕಳಿಗೆ ಅರಿವಿ ತಂದರೆ ಇನ್ನೂ ಚಲೋ.

ಇನ್ನು ದಾರಿ ಖರ್ಚು. ರೈಲ್ವೆಯವರು 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಅರವತ್ತನೇ ದಿನ ಬೆಳಿಗ್ಗೆ ಎಂಟಕ್ಕೇ ಕೂಡು. ಎಳ್ಳಮಾಸಿಗೆ ಬೆಂಗಳೂರಿನಿಂದ ಈ ಕಡೆ ಬರುವವರು ನೀನೊಬ್ಬನೇ ಅಲ್ಲ. ರಾತ್ರಿ ಬರುವ ಬಸವ ಎಕ್ಸ್‌ಪ್ರೆಸ್‌ನ ಸ್ಲೀಪರ್ ಸಾಕು. ವಂದೇ ಭಾರತ್ ಬೇಗ ಮುಟ್ಟಿಸುತ್ತದೆ ಖರೆ, ಆದರೆ ಐದು ಜನಕ್ಕೆ ಲೆಕ್ಕ ಹಾಕಿದರೆ ಕಿಸೆ ಹರಿಯುತ್ತದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಸ್ಲೀಪರಿನಲ್ಲಿ ಬರ್ತ್ ಬೇಡ ಅಂದರೆ ಅರ್ಧ ಟಿಕೆಟ್, ಬೇಕು ಅಂದರೆ ಪೂರ್ತಿ. ಕುರ್ಚಿ ಗಾಡಿಯಲ್ಲಿ ಆ ಅರ್ಧದ ಸೌಲತ್ತಿಲ್ಲ. ಸಣ್ಣಾಕಿಗೆ ಇನ್ನೂ ಐದು ತುಂಬಿಲ್ಲ, ಅವ್ವನ ಮಗ್ಗುಲಲ್ಲಿ ಮಲಗಲಿ. ನಿಮ್ಮವ್ವನಿಗೆ ಸಿಗುತ್ತಿದ್ದ ಹಿರಿಯರ ರಿಯಾಯಿತಿ 2020ರ ಮಾರ್ಚಿಗೇ ನಿಂತಿತು, ಆದರೆ ಕೆಳಗಿನ ಬರ್ತಿನ ಕೋಟಾ ಇನ್ನೂ ಅದ. ವಯಸ್ಸು ಸರಿಯಾಗಿ ತುಂಬು. ತತ್ಕಾಲ್ ನಂಬಿ ಕೂಡಬೇಡ.

ಕಲಬುರಗಿಯಿಂದ ಆಳಂದ ಸುಮಾರು ನಲವತ್ತು ಕಿಲೋಮೀಟರ್. ಬಾಡಿಗಿ ಕಾರಿನವರು ಸ್ಟೇಷನ್ ಬಾಗಿಲಲ್ಲೇ ಹಿಡಿಯುತ್ತಾರೆ, ಕಿವಿಗೊಡಬೇಡ. ಸಾದಾ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ 2023ರ ಜೂನ್ 11ರಿಂದ ನಡೆದದ; ಹೆಣ್ಣುಮಕ್ಕಳಿಗೆ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ನಿನಗೂ ಮಗನಿಗೂ ಮಾತ್ರ ರೊಕ್ಕ. ಅಮಾಸಿ ದಿನ ಮುಂಜಾನೆ ಮಾತ್ರ ಬಸ್ಸು ನೆಚ್ಚಬೇಡ, ಅರ್ಧ ಕಲಬುರಗಿ ಹೊಲಕ್ಕೆ ಹೊರಟಿರುತ್ತದೆ. ಅದಕ್ಕೇ ಹಿಂದಿನ ದಿನ ಬಾ ಅಂದದ್ದು.

ಮನೆಯಿಂದ ಹೊಲಕ್ಕೆ ಟ್ರ್ಯಾಕ್ಟರ್. ನಿಮ್ಮವ್ವನ ಮೊಣಕಾಲು ನೆನೆಸಿಕೊಂಡು ಒಂದು ಕುರ್ಚಿ ಹಾಕಿಸಲಿಕ್ಕೆ ಅತ್ತಿಗೆ ಹೇಳಿಟ್ಟಿದ್ದೇನೆ. ಬುಕ್ ಆದ ಕೂಡಲೇ ಪಿಎನ್‌ಆರ್ ಕಳಿಸು. ಬೀಗರಿಗೆ ಈ ಸಲ ಬರುವುದಿಲ್ಲ ಅನ್ನುವ ಫೋನು ನೀನೇ ಮಾಡು, ಅದನ್ನು ನನ್ನ ತಲೆಗೆ ಕಟ್ಟಬೇಡ.

ನಿನ್ನ ಕಾಕಾ
ಜೇವರ್ಗಿ