ಮನೆಯೊಳಗಿನ ನಾತ ಎಲ್ಲಿಂದ ಬಂತು?

ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಮನೆಗೆ ಬೀಗ ಹಾಕಿ ನೆಂಟರ ಊರಿಗೆ ಹೋಗಿದ್ದೆವು. ತಿರುಗಿ ತಳಿಗೆ ಬಂದು ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯಂಥ ನಾತ ಮೂಗಿಗೆ ಬಡಿಯಿತು. ಇಲಿ ಸತ್ತಿರಬೇಕೆಂದು ಅಟ್ಟ, ಮಂಚದ ಅಡಿ, ರಾಗಿ ಚೀಲಗಳ ಸಂದು ಎಲ್ಲವನ್ನೂ ಹುಡುಕಿದೆವು. ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ. ನಾತ ಮುಚ್ಚಲೆಂದು ಊದುಬತ್ತಿ ಹಚ್ಚಿದೆವು.

ಅದೇ ನಾವು ಮಾಡಿದ ದೊಡ್ಡ ತಪ್ಪು. ಅಡಿಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ನಾತದ ಗಂಧಕದ ವಸ್ತುವೊಂದನ್ನು ಬೆರೆಸಿರುತ್ತಾರೆ. ಆದ್ದರಿಂದ ಮಕ್ಕಳೇ, ಇಂಥ ನಾತ ಬಂದರೆ ಕಡ್ಡಿ ಗೀರಬಾರದು, ವಿದ್ಯುತ್ ಗುಂಡಿ ಒತ್ತಬಾರದು. ಮೊದಲು ಕಿಟಕಿ ಬಾಗಿಲು ತೆರೆದು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿಸಿ ಹೊರಗೆ ಬರಬೇಕು. ಅನಿಲ ಸೋರಿಕೆ ತಿಳಿಸುವ ದೂರವಾಣಿ ಸಂಖ್ಯೆ 1906. ನಮ್ಮ ಅದೃಷ್ಟ, ಅಂದು ಸೋರಿದ್ದು ಅನಿಲವಲ್ಲ.

ಮೂಗು ಬೇಗ ದಣಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಾತ ಅಭ್ಯಾಸವಾಗಿಬಿಡುತ್ತದೆ. ಅದಕ್ಕಾಗಿ ಅಂಗಳಕ್ಕೆ ಹೋಗಿ ಹತ್ತು ನಿಮಿಷ ನಿಂತು, ಒಳಗೆ ಬಂದು ಒಂದೊಂದೇ ಕೋಣೆಯನ್ನು ಮೂಸಿದೆವು. ನೆಂಟರು ಬಂದಾಗ ಮಾತ್ರ ಬಳಸುವ ಹಿಂದಿನ ಬಚ್ಚಲಲ್ಲಿ ನಾತ ಹೆಚ್ಚು. ಅಲ್ಲಿಯ ತೂತಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಕಾದೆವು, ನಾತ ಇಳಿಯಿತು. ಕಳ್ಳ ಸಿಕ್ಕಿದ!

ಬಚ್ಚಲ ತೂತಿನ ಕೆಳಗೆ ನಹನಿ ಟ್ರ್ಯಾಪ್ ಎಂಬ ಬಾಗಿದ ಭಾಗವಿರುತ್ತದೆ. ಅದರಲ್ಲಿ ಸುಮಾರು 2 ಅಂಗುಲ ನೀರು ಯಾವಾಗಲೂ ನಿಂತು, ಸೆಪ್ಟಿಕ್ ಟ್ಯಾಂಕಿನ ಗಾಳಿ ಮೇಲೇರದಂತೆ ಬೀಗದ ಕೆಲಸ ಮಾಡುತ್ತದೆ. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತ 1775ರಲ್ಲಿ ಇಂಥ ಬಾಗು ಕೊಳವೆಯ ಶೌಚಾಲಯಕ್ಕೆ ಹಕ್ಕುಪತ್ರ ಪಡೆದನು. ನಮ್ಮ ತಳಿಗೆ 'ಪುಟ್ಟ ಇಂಗ್ಲೆಂಡ್' ಎಂಬ ಹೆಸರಿದೆಯಷ್ಟೆ? ದೊಡ್ಡ ಇಂಗ್ಲೆಂಡಿನ ರಾಜಧಾನಿಯಲ್ಲಿ 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ತಾಳಲಾರದೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದ್ದರು. ನಮ್ಮ ಊದುಬತ್ತಿಯ ಬುದ್ಧಿಯೂ ಅದೇ ಜಾತಿಯದು!

ತಿಂಗಳ ಬಿಸಿಲಿಗೆ ನೀರಿನ ಬೀಗ ಒಣಗಿತ್ತು. ಒಂದು ಬಕೆಟ್ ನೀರು ಸುರಿದೆವು, ನಾತ ನಿಂತಿತು. ಆದರೆ ಎರಡೇ ದಿನಕ್ಕೆ ಮತ್ತೆ ಬಂತು. ಎರಡು ದಿನದಲ್ಲಿ ಅಷ್ಟು ನೀರು ಆರಲು ಸಾಧ್ಯವೇ? ಈ ಪ್ರಶ್ನೆ ಕೇಳಿದವಳು ಮನೆಯ ಕಿರಿಯ ಹುಡುಗಿ. ಪಕ್ಕದ ಸಂಡಾಸಿನಲ್ಲಿ ನೀರು ಬಿಟ್ಟಾಗಲೆಲ್ಲ ಬಚ್ಚಲ ತೂತು 'ಗುಳುಗುಳು' ಎನ್ನುವುದನ್ನೂ ಅವಳೇ ಗಮನಿಸಿದಳು. ಒಬ್ಬರು ನೀರು ಬಿಟ್ಟರು, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಿದರು. ಟ್ರ್ಯಾಪಿನ ನೀರು ಕಣ್ಣೆದುರಿಗೇ ಕೆಳಗೆ ಸರಿಯಿತು!

ಕೊಳವೆಯಲ್ಲಿ ರಭಸವಾಗಿ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ತಾರಸಿಯ ಮೇಲೆ ಬಾಯಿ ತೆರೆದ ಗಾಳಿಕೊಳವೆಯಿಂದ ಬರಬೇಕು. ಅದು ಮುಚ್ಚಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಹೀರಿಕೊಳ್ಳುತ್ತದೆ. ಗಾರೆ ಕೆಲಸದವರು ಏಣಿ ಹಾಕಿ ನೋಡಿದರೆ ಕೊಳವೆಯ ಬಾಯಿಗೆ ಹಕ್ಕಿಯ ಹಳೆಯ ಗೂಡು ಬಿರಡೆಯಂತೆ ಕೂತಿತ್ತು. ಅದನ್ನು ತೆಗೆದು ಜಾಲರಿ ಕಟ್ಟಿದರು. ಗುಳುಗುಳು ನಿಂತಿತು.

ಆ ಗಡಿಬಿಡಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳವನ್ನೂ ತೆಗೆದು ಇಣುಕೋಣವೆಂದು ಒಬ್ಬರು ಹೊರಟಿದ್ದರು. ಹಿರಿಯರು ಕೈಹಿಡಿದು ನಿಲ್ಲಿಸಿದರು. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪವಿದ್ದಾಗ ನಾರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ. ನಾತವಿಲ್ಲವೆಂದು ಇಳಿದವನು ಒಂದೆರಡು ಉಸಿರಿಗೇ ಬೀಳುತ್ತಾನೆ. ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಅದರೊಳಗೆ ಇಳಿಸಬಾರದೆಂದು 2013ರ ಕಾಯಿದೆಯೇ ನಿಷೇಧಿಸಿದೆ. ಕೂಲಿ ಕೊಡುತ್ತೇವೆಂಬ ಮಾತು ಇಲ್ಲಿ ಸಲ್ಲದು. ಟ್ಯಾಂಕು ತುಂಬಿದರೆ ಹೀರುವ ಯಂತ್ರದ ಲಾರಿ ಕರೆಸಬೇಕು.

ಈಗ ವಾರಕ್ಕೊಮ್ಮೆ ಹಿಂದಿನ ಬಚ್ಚಲಿಗೆ ಎರಡು ಚೊಂಬು ನೀರು ಹಾಕುವುದು ಆ ಕಿರಿಯಳ ಕೆಲಸ. ಊರಿಗೆ ಹೊರಡುವ ದಿನ ನೀರಿನ ಮೇಲೆ ಎರಡು ಚಮಚ ಎಣ್ಣೆಯನ್ನೂ ಬಿಡುತ್ತೇವೆ, ನೀರು ಬೇಗ ಆರುವುದಿಲ್ಲ. ಕೊಬ್ಬರಿ ಎಣ್ಣೆ ಬೇಡ, ನಮ್ಮೂರ ಚಳಿಗೆ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ ಸಾಕು.